ಅಕ್ಕನ ಜರ್ಮನ್

ಮಾರ್ಚ್ 3, ಬೆಳಿಗ್ಗೆ

ದಿಂಬಿಗೆ ಕವರ್ ಹಾಕುತ್ತಲೇ ಫೋನ್ ಎತ್ತಿದೆ. "ನಾ, ಆಲ್ಲೆಸ್ ಕ್ಲಾರ್?" ಏನಪ್ಪಾ, ಎಲ್ಲಾ ಸರಿನಾ ಅನ್ನುವ ಹಾಗೆ. ನಮ್ಮ ಲಾಡ್ಜಿನಲ್ಲಿ ರೂಮ್ ಬುಕ್ ಮಾಡುವ ಜರ್ಮನ್ನರ ಜೊತೆ ಅಕ್ಕ ಹೀಗೇ ಮಾತಾಡುತ್ತಿದ್ದಳು, ಪಕ್ಕದ ಮನೆಯವರ ಹತ್ತಿರ ಹರಟಿದಂತೆ. ಇಸ್ತ್ರಿ ಮಾಡುತ್ತಾ ಕೇಳಿ ಕೇಳಿ ನನಗೂ ಬಂತು. ಪುಸ್ತಕದ ಜರ್ಮನ್ ಒಂದಕ್ಷರ ಗೊತ್ತಿಲ್ಲ.

ಅಡುಗೆಯವನು ಕಿಚಾಯಿಸಿದ: "ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವಳು, ಬಾಯಲ್ಲಿ ಜರ್ಮನ್ ನೋಡ್ರಪ್ಪಾ!"

ಅಕ್ಕ ಹೋಗಿ ಐದು ತಿಂಗಳು. ಧ್ವನಿ ಥೇಟ್ ಅವಳದೇ ಅನ್ನುತ್ತಾರೆ ಎಲ್ಲರೂ.

ಮಾರ್ಚ್ 9

ಪ್ರತಿ ಬೇಸಿಗೆಗೂ ನಮ್ಮ ಲಾಡ್ಜಿಗೆ ಬರುವ ಜರ್ಮನ್ ಅಜ್ಜಿಯ ಫೋನ್. "ಶ್ಪಾಟ್ಸ್!" ಅಂದರು. ಗುಬ್ಬಚ್ಚಿ ಅಂತ. ಅಕ್ಕನನ್ನು ಕರೆಯುತ್ತಿದ್ದ ಹೆಸರು.

ನಾನು ಅವಳಲ್ಲ ಅನ್ನಬೇಕಿತ್ತು. ಅಪ್ಪ ಕೈಸನ್ನೆ ಮಾಡಿದರು... ಬೇಡ. ನಕ್ಕೆ. ಕಿಟಕಿ ಪಕ್ಕದ ರೂಮ್ ಬುಕ್ ಆಯಿತು.

"ನನ್ನ ಕೈಲಿ ಸುಳ್ಳು ಹೇಳಿಸ್ತಿದ್ದೀರ."

"ನೀನೇನು ಹೇಳಿದೆ ಕಣಮ್ಮಾ? ನಕ್ಕೆ, ಅಷ್ಟೆ."

ಬುಕಿಂಗ್ ತಪ್ಪೀತು ಅನ್ನುವ ಹೆದರಿಕೆ. ಇನ್ನೇನಿಲ್ಲ ಇವರಿಗೆ.

ಮಾರ್ಚ್ 20

ಅಜ್ಜಿ ಮತ್ತೆ. ಅಕ್ಕನಿಗೆ ಸ್ವೆಟರ್ ಹೆಣೆಯುತ್ತಿದ್ದಾರಂತೆ. ತೋಳಿನ ಅಳತೆ ಬೇಕಂತೆ. ನನ್ನ ತೋಳು ನೋಡಿಕೊಂಡೆ. ಅಳತೆ ಕೊಡದೆ ಫೋನ್ ಇಟ್ಟೆ.

ಸ್ಪೀಕರ್ ಒತ್ತಿದ್ದು ಅಪ್ಪನೇ. ಜಗಳಕ್ಕೆಂದು ತಿರುಗಿದರೆ, ಕಣ್ಣು ಮುಚ್ಚಿ ಕೂತಿದ್ದರು.

"ಇನ್ನೊಂದ್ಸಲ ಆ ಹೆಸರು ಕರೀತಾರೇನೋ ಅಂತ... ಇಲ್ಲಿ ಯಾರೂ ಅವಳ ಸುದ್ದಿ ಎತ್ತಲ್ಲ. ಆಯಮ್ಮನಿಗೆ ಮಾತ್ರ ಅವಳಿನ್ನೂ ಇದ್ದಾಳೆ."

ಬುಕಿಂಗ್ ಅಲ್ಲ.

ಏಪ್ರಿಲ್ 6

ಮೇಲಿನ ರೂಮಿನ ಜರ್ಮನ್ ಟೂರಿಸ್ಟನ್ನು ಕೇಳಿದೆ, ಸಾವಿನ ಸುದ್ದಿ ಹೇಗೆ ಹೇಳುವುದು ಅಂತ. ಕಾರ್ಡಿನಲ್ಲಿ ಅಚ್ಚು ಹಾಕಿಸುವಂಥ ಉದ್ದ ವಾಕ್ಯ ಕಲಿಸಿದ. ನಾಲಿಗೆಗೆ ಒಗ್ಗಲಿಲ್ಲ. ಅಜ್ಜಿಯ ಹತ್ತಿರ ಅಕ್ಕ ಎಂದೂ ಹಾಗೆ ಮಾತಾಡಿದವಳಲ್ಲ. ಚಿಕ್ಕದು ಕೊಡು ಅಂದೆ.

"ಟೋಟ್."

ಸತ್ತಳು, ಅಷ್ಟೇ. ಬಹಳ ಒರಟು, ಹೇಳಬೇಡ ಅಂದ. ಅವಳು ಹೋದದ್ದೇನು ನಯವಾಗಿತ್ತಾ?

ಏಪ್ರಿಲ್ 7, ಮಧ್ಯಾಹ್ನ

ಅಜ್ಜಿ ಅಷ್ಟು ದೂರದಿಂದ ಸ್ವೆಟರ್ ಹಿಡಿದು ಬಂದು, ಬಾಗಿಲಲ್ಲಿ ನಿಂತು ತಿಳಿಯುವುದು ಬೇಡ. ನಾನೇ ಫೋನ್ ಮಾಡಿದೆ. ಅಪ್ಪ ತಡೆಯಲಿಲ್ಲ. ಸ್ಪೀಕರ್ ಒತ್ತಿ ಪಕ್ಕಕ್ಕೆ ಕೂತರು.

"ಶ್ಪಾಟ್ಸ್!"

ಅಪ್ಪನಿಗೆ ಕೇಳಲೆಂದು ಫೋನ್ ಅವರ ಹತ್ತಿರ ಸರಿಸಿದೆ. ಆಮೇಲೆ ಹೇಳಿಬಿಟ್ಟೆ. ಅಕ್ಕ ಸತ್ತಳು. ಅಕ್ಟೋಬರಿನಲ್ಲಿ. ಜ್ವರ.

ಅಜ್ಜಿ ಮೆಲ್ಲಗೆ ಕೇಳಿದರು, "ಹಾಗಾದರೆ ಅವತ್ತು ನನ್ನ ಜೊತೆ ನಕ್ಕಿದ್ದು ಯಾರು?"

ಅಪ್ಪ ತಲೆ ತಗ್ಗಿಸಿದರು. ಅವರು ಬೇಡ ಅಂದರು ಎಂದು ಹೇಳಬಹುದಿತ್ತು. ಆದರೆ ನಕ್ಕವಳು ನಾನು. ನಾನೇ ಅಂದೆ. ಅದಕ್ಕೆ ಅಜ್ಜಿ, ಹಾಗಾದರೆ ನಿನ್ನ ತೋಳಿನ ಅಳತೆ ಹೇಳು ಅಂದರು.