ನಿಘಂಟಿನ ಕೆಳಗಿನ ಲ್ಯಾಪ್‌ಟಾಪ್

ಜುಲೈ 3, ಗುರುವಾರ
ಸ್ನಾನ, ಪೂಜೆ, ಕಾಫಿ. ಬಳ್ಳಾರಿಯ ಪ್ರಕಾಶಕರು ತಿದ್ದಲು ಕಳಿಸಿದ ಕರಡಿನಲ್ಲಿ ಎಂಟನೆಯ ಕಥೆಗೆ ಕೈಹಚ್ಚಿದೆ. ಗಡಿಭಾಗದ ಕನ್ನಡ ಶಾಲೆಗಳ ಮಕ್ಕಳು ಓದುವ ಪುಸ್ತಕ. ಒಂದು ತಪ್ಪೂ ಉಳಿಯಕೂಡದು. ನಿವೃತ್ತಿಯ ನಂತರ ಯಾರಾದರೂ ನನಗಾಗಿ ಕಾಯುತ್ತಾರೆಂದರೆ ಈ ಕೆಲಸಕ್ಕೆ ಮಾತ್ರ.

ಕರೆಂಟ್ ಹೋಯಿತು. ಪುಟ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಕೂಡ ಆರಿತು. ಕೊಂಡ ಹೊಸದರಲ್ಲಿ ಕರೆಂಟಿಲ್ಲದೆಯೂ ಮಧ್ಯಾಹ್ನವಿಡೀ ನಡೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಚಾರ್ಜರ್ ಕಿತ್ತವಳಲ್ಲ, ಹಸಿದಿರಲು ಬಿಟ್ಟವಳಲ್ಲ. ಮತ್ತೇಕೆ?

ಪ್ರಕಾಶನದ ಚೇತನಾ ಫೋನ್ ಮಾಡಿದಳು. "ಮೇಡಂ, ಹದಿನಾಲ್ಕಕ್ಕ ಪ್ರೆಸ್ಸಿಗೆ ಹೋಗಬೇಕ್ರಿ. ನಿಮಗ ತ್ರಾಸ ಆದ್ರ ಹೇಳ್ರಿ, ಸಾಫ್ಟ್‌ವೇರ್‌ನಾಗ ಹಾಕಿ ತಪ್ಪು ತಗೀತೀವಿ."

ತ್ರಾಸ! ಏನೂ ಇಲ್ಲವೆಂದೆ.

ಜುಲೈ 5, ಶನಿವಾರ
ಕೀಲಿಮಣೆಯ ಕೆಳಗೆ ಬೆರಳಾಡಿಸುವ ಜಾಗ ಮೇಲೆದ್ದಿದೆ. ಮುಚ್ಚಳ ಕೂಡುತ್ತಿಲ್ಲ. ತೇವಕ್ಕೆ ಪುಸ್ತಕಗಳೂ ಹೀಗೆಯೇ ಉಬ್ಬುತ್ತವೆ. ಶಾಲೆಯ ಗ್ರಂಥಾಲಯದಲ್ಲಿ ಅಂಥವನ್ನೆಷ್ಟೋ ತೂಕದಡಿ ಇಟ್ಟು ನೆಟ್ಟಗೆ ಮಾಡಿದ್ದೇನೆ. ನಿಘಂಟಿನ ಎರಡು ಸಂಪುಟ ಹೇರಿದೆ. ಸಾಲದೆಂದು ಚಟ್ನಿ ಅರೆಯುವ ಗುಂಡುಕಲ್ಲು.

ತಂಗಿ ಬಸಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಅಕ್ಕಾ, ಅದು ಬಸುರಾಗೈತಿ. ಬಸುರಿ ಮ್ಯಾಲ ಗುಂಡು ಹೇರ್ತಾರೇನು?"

ಗುಂಡುಕಲ್ಲನ್ನು ಸರಿಯಾಗಿ ನಡುವಿಗೆ ಸರಿಸಿದೆ.

ಜುಲೈ 6
ಇನ್ನಷ್ಟು ಉಬ್ಬಿದೆ. ಬಸಲಿಂಗಿ ತನ್ನ ಹಾಸಿಗೆಯನ್ನು ವರಾಂಡಕ್ಕೆ ಎಳೆದೊಯ್ದಳು. "ಅದು ಸಿಡದ್ರ ನೀ ಒಬ್ಬಾಕೀನ ಇರು. ನಾ ಇಲ್ಲೇ ಸೊಳ್ಳಿ ಜೋಡಿ ಮಕ್ಕೋತೀನಿ."

ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕೂರಬೇಕೆನಿಸುತ್ತದೆ.

ಜುಲೈ 8, ಮಂಗಳವಾರ
ಬಸ್ ನಿಲ್ದಾಣದ ಹತ್ತಿರ ನಾಗಜ್ಯೋತಿಯ ರಿಪೇರಿ ಅಂಗಡಿ. ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿದಳು. ಬ್ಯಾಟರಿ ದಿಂಬಿನಂತಾಗಿತ್ತು.

"ಅಮ್ಮೋ! ಇದರ ಮ್ಯಾಲ ತೂಕ ಇಟ್ಟಿದ್ರೇನ್ರಿ? ಚಾಲಾ ಡೇಂಜರ್ ಮೇಡಂ, ಭಾಳ ಡೇಂಜರ್!"

"ಎಷ್ಟು ವರ್ಷ ಬರಬೇಕು ಇದು?"

"ಮೂರು. ಭಾಳಂದ್ರ ನಾಕು. ನೀವು ಆರು ವರ್ಷ ದುಡಿಸೀರಿ. ಅದೂ ದಿನಪೂರ್ತಿ ಚಾರ್ಜಿಗೆ ಹಾಕಿ."

"ನಮ್ಮ ಮಿಕ್ಸಿಗೆ ಇಪ್ಪತ್ತು ವರ್ಷ."

"ಹಂಗಾದ್ರ ಮಿಕ್ಸಿದಾಗ ಟೈಪ್ ಮಾಡ್ರಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಹೊಸ ಬ್ಯಾಟರಿ ಹೈದರಾಬಾದಿನಿಂದ ಬರಲು ಎರಡು ವಾರ ಬೇಕಂತೆ. ಹಳೆಯದನ್ನು ತೆಗೆದಿಟ್ಟುಕೊಂಡು, ಕರೆಂಟ್ ಇರುವಷ್ಟು ಹೊತ್ತು ಚಾರ್ಜರ್ ಮೇಲೆಯೇ ನಡೆಯುತ್ತದೆ ಎಂದು ಹೇಳಿ ಕಳಿಸಿದಳು.

ಜುಲೈ 12, ಶನಿವಾರ
ಮಧ್ಯಾಹ್ನವೆಲ್ಲ ತಿದ್ದಿದೆ. ಸೇವ್ ಮಾಡುವುದು ಮರೆತಿದ್ದೆ. ಫ್ಯಾನ್ ನಿಂತಿತು... ಅಷ್ಟೇ. ಪರದೆ ಕಪ್ಪು. ತಿದ್ದಿದ್ದೆಲ್ಲ ಹೋಯಿತು.

ಅಂಗಳದಲ್ಲಿ ಸುತ್ತಿದೆ. ಮತ್ತೆ ಸುತ್ತಿದೆ. ಕರೆಂಟ್ ಬಂತು, ಕೂತೆ, ಹೋಯಿತು. ಇನ್ನೂ ಮೂರು ಕಥೆ ಬಾಕಿ.

ಜುಲೈ 13, ಸಂಜೆ
ಚೇತನಾಗೆ ಹೇಳಲು ಒಂದು ಜ್ವರವನ್ನು ಸಿದ್ಧಪಡಿಸಿಕೊಂಡಿದ್ದೆ. ಬಸಲಿಂಗಿ ಎದುರಿಗೇ ಕುಳಿತಳು. ಚೇತನಾಳ ಫೋನ್ ಬಂದರೂ ಏಳಲಿಲ್ಲ.

"ಮುಗೀತೇನ್ರಿ ಮೇಡಂ?"

"ಇಲ್ಲ. ಯಂತ್ರ ಕೆಟ್ಟಿದೆ. ಮುಂಚೆಯೇ ತಿಳಿಸಬೇಕಿತ್ತು, ತಿಳಿಸಲಿಲ್ಲ."

"ಅಯ್ಯ, ಬಿಡ್ರಿ. ಉಳಿದದ್ದು ಸಾಫ್ಟ್‌ವೇರ್‌ಗೆ—"

"ಕೊಡಬೇಡ. ನಾನೇ ಬರುತ್ತೇನೆ. ನಿಮ್ಮ ಕಚೇರಿಯಲ್ಲಿ ಕೂತು ಮುಗಿಸಲು... ಅವಕಾಶ ಮಾಡಿಕೊಡುತ್ತೀಯಾ?"

ಈ ವಾಕ್ಯ ನನ್ನ ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು.

"ಬರ್ರಿ. ನನ್ನ ಟೇಬಲ್ಲಿಗೆ ಕುಂದರ್ರಿ. ನಾಳೆ ಸಂಜೀ ತನಕ ಪ್ರೆಸ್ಸಿನವರನ್ನ ನಾ ತಡೀತೀನಿ. ಆದ್ರ ನಮ್ಮಲ್ಲೂ ಯುಪಿಎಸ್ ಕೆಟ್ಟೈತ್ರಿ. ಕರೆಂಟಿಂದು ಗ್ಯಾರಂಟಿ ಕೊಡಂಗಿಲ್ಲ ನಾನು!"

ಬಸಲಿಂಗಿ ತನ್ನ ಸೀರೆಯನ್ನೂ ಚೀಲಕ್ಕೆ ತುಂಬತೊಡಗಿದಳು. ನನಗೆ ದಾರಿ ಗೊತ್ತಿದೆ ಎಂದೆ.

"ದಾರಿ ಗೊತ್ತೈತಿ ನಿನಗ. ಕೇಳೋದು ಗೊತ್ತಿಲ್ಲ."

ಜುಲೈ 14, ಬಸ್ಸಿನಲ್ಲಿ
ಬಳ್ಳಾರಿ ಬಸ್ಸು ಹಾಲಹರವಿ ದಾಟಿತು. ಅಕ್ಷರಗಳು ಸೊಟ್ಟಗಾಗುತ್ತಿವೆ. ಆಗಲಿ. ಮೊದಲು ಒಂಬತ್ತನೆಯ ಕಥೆ, ಅದು ದೊಡ್ಡದು. ಪ್ರತಿ ಪುಟಕ್ಕೂ ಸೇವ್.

ಬಳ್ಳಾರಿಯಲ್ಲಿ ಈಗ ಕರೆಂಟ್ ಇದೆಯೇ ಎಂದು ಬಸಲಿಂಗಿ ಮುಂದಿನ ಸೀಟಿನವನನ್ನು ಕೇಳಿದಳು. ಪಾಪ, ಮನೆಗೆ ಫೋನ್ ಹಚ್ಚಿದ್ದಾನೆ. ಮಾತಾಡುತ್ತಿದ್ದಾನೆ. ಈಗ ನಮ್ಮ ಕಡೆ ತಿರುಗಿ—