ತೆಳುಗಾಳಿಯ ಲೋಕದ ಬೆಲ್ಲ

ಜುಗೂಳ

ದೀಪಾಲಿ, ಮೊದಲು ನಿನ್ನ ಮಾಮಾನ ಆಶೀರ್ವಾದ ತೊಗೋ.

ಚಂದ್ರನ ಮೇಲೆ ಕಬ್ಬು ಹಚ್ಚುವ ಮೊದಲು ದೊಡ್ಡ ದೊಡ್ಡ ವಿಜ್ಞಾನಿಗಳು ನನ್ನನ್ನೇ ಕೇಳುತ್ತಾರೆ, ನಿನಗೆ ಗೊತ್ತೇ ಇದೆ. ಅದೇ ಜಂಬದಲ್ಲಿ ಹೋದ ವಾರ ಫೋನಿನಲ್ಲಿ ಹೇಳಿದ್ದೆ: ನಿನ್ನ ಕಾದಂಬರಿಯ ಲೋಕದಲ್ಲಿ ಗಾಳಿ ತೆಳು, ಅಲ್ಲಿ ಪಾಕ ಸರಿಯಾಗಿ ಕಾಯುವ ಮೊದಲೇ ಕುದಿಯುತ್ತದೆ, ಬೆಲ್ಲ ಗಟ್ಟಿಯಾಗದು, ತಾಯಿ ಬೆಲ್ಲ ಕಾಯಿಸುವ ಆ ಪುಟ ತೆಗೆದುಬಿಡು ಎಂದು.

ತೆಗೆಯಬೇಡ. ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುತ್ತಿದ್ದ ಭೂಪಾಲನ ಜೊತೆ ಇದೇ ಮಾತಿಗೆ ಪಣ ಕಟ್ಟಿದೆ. ಅವನು ನಕ್ಕುಬಿಟ್ಟ. "ಲೇ ಧರೆಪ್ಪ, ನಾವು ಭಾಂಡೇದಾಗಿನ ಗಾಳಿ ಎಳದು, ಕಡಿಮಿ ಕಾವಿನ್ಯಾಗ ಸಕ್ರಿ ಮಾಡ್ತಿದ್ವಿ. ನೀರು ಹಾರಿದ್ರ ಸಾಕು, ಪಾಕ ಬರತೈತಿ. ಹುಡುಗಿ ಬರದದ್ದು ಖರೇ ಐತಿ."

ಆ ಪುಟದಲ್ಲಿ ತಾಯಿ ತಂಬಿಗೆಯ ನೀರಿಗೆ ಪಾಕದ ಹನಿ ಬಿಟ್ಟು, ಗೋಲಿ ಮಾಡಿ ಮಗಳ ಬಾಯಿಗಿಡುತ್ತಾಳಲ್ಲ. ನಿಮ್ಮವ್ವ ಇದ್ದಾಗ ನಮ್ಮ ಕಬ್ಬಿನ ಗಾಣದಲ್ಲಿ ನಿನಗೆ ಹಾಗೆಯೇ ಇಡುತ್ತಿದ್ದಳು. ಗೋಲಿ ತಣ್ಣಗಾಗಿದ್ದರೂ ಒಮ್ಮೆ ಊದುತ್ತಿದ್ದಳು. ಅದನ್ನು ನೀನು ಬರೆದಿಲ್ಲ. ಗಾಳಿ ತೆಳುವಾದರೂ ಸೇರಿಸು.

ಪಣದಲ್ಲಿ ನೂರು ರೂಪಾಯಿ ಹೋಯಿತೆಂದು ನಿನ್ನ ಮಾಮಿಗೆ ಹೇಳಿದ್ದೇನೆ. ಹೋದದ್ದು ಐದು ಸಾವಿರ.

ನಿನ್ನ ಮಾಮಾ,
ಧರೆಪ್ಪ