ಕಾಲು ನೋಡುವವರು ಯಾರು

ನರ್ಸ್‌ಗಳ ಕ್ವಾರ್ಟರ್ಸ್, ಮೇಲಿನ ಮಹಡಿ
ಶುಕ್ರವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದೀರೋ, ಇಲ್ಲಾ ಅತ್ತಿಗೆ ಆ ಕಡೆ ತಿರುಗಿದೊಡನೆ ಕಿಟಕಿಯಾಚೆ ಎಸೆಯುತ್ತಿದ್ದೀರೋ? ಫೋನಿನಲ್ಲಿ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತೀರಿ. ನನ್ನ ಮಾತು ಅರ್ಧ ನಿಮಗೆ ಕೇಳಿಸುವುದೂ ಇಲ್ಲ. ಅದಕ್ಕೇ ಈ ಪತ್ರ. ಪಕ್ಕದ ಮನೆಯ ಲಾರಿ ಡ್ರೈವರ್ ಇವತ್ತು ಅಣ್ಣನ ಊರಿನ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಮೊನ್ನೆ ಅಣ್ಣ ನಿಮ್ಮ ಚಪ್ಪಲಿ ಪುರಾಣ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ಎರಡು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದವರು ಒಂದರಲ್ಲೇ ಮನೆಗೆ ಬಂದಿರಂತೆ, "ಇನ್ನೊಂದೆಲ್ಲಿ?" ಎಂದದ್ದಕ್ಕೆ ಅವನಿಗೇ ಬೈದಿರಂತೆ! ಕಂಡಕ್ಟರ್ ಆಗಿದ್ದಾಗ ಇಡೀ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯಬೇಕೆಂದು ನೆನಪಿಟ್ಟವರು ನೀವು. ನಿಮಗೂ ವಯಸ್ಸಾಯಿತು ಬಿಡಿ.

ಅಪ್ಪಾ, ನನಗೆ ಸಾಕುಸಾಕಾಗಿದೆ. ನಮ್ಮ ವಾರ್ಡಿನಲ್ಲಿ ಮೂರು ಕೆಲಸಕ್ಕೆ ಮೂವರು ನರ್ಸ್‌ಗಳಿದ್ದರು. ಒಬ್ಬಳು ವಾರ್ಡು ನೋಡುವವಳು, ಒಬ್ಬಳು ಸಕ್ಕರೆ ಪರೀಕ್ಷಿಸಿ ಇಂಜೆಕ್ಷನ್ ಹೇಳಿಕೊಡುವವಳು, ಇನ್ನೊಬ್ಬಳು ಗಾಯಕ್ಕೆ ಡ್ರೆಸಿಂಗ್ ಮಾಡುವವಳು. ಇಬ್ಬರು ಬಿಟ್ಟು ಹೋದರು. ಅವರ ಕೆಲಸವೂ ನನ್ನ ತಲೆಗೇ ಬಂತು. ಯಾರದು ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಅನ್ನುವುದು ಮೊದಲಿಂದಲೂ ಕಲಸುಮೇಲೋಗರ. ರೋಗಿಯ ಕಾಲು ನೋಡುವುದು ಯಾರ ಕೆಲಸ? ವಾರ್ಡಿನವಳು ಸಕ್ಕರೆಯವಳದು ಅಂದುಕೊಳ್ಳುತ್ತಿದ್ದಳು, ಸಕ್ಕರೆಯವಳು ಡ್ರೆಸಿಂಗಿನವಳದು ಅಂದುಕೊಳ್ಳುತ್ತಿದ್ದಳು, ಅವಳೋ, ಗಾಯವಿದ್ದರೆ ತಾನೇ ನನ್ನನ್ನು ಕರೆಯುತ್ತಾರೆ ಎಂದು ಸುಮ್ಮನಿರುತ್ತಿದ್ದಳು. ಮೂವರೂ ನಾನೇ ಆದ ಮೇಲಾದರೂ ನೆಟ್ಟಗಾಗಬೇಡವೇ? ನಾನೂ ಹಾಗೇ ಮಾಡಿದೆ ಅಪ್ಪಾ! ಬೆಳಿಗ್ಗೆ ರಕ್ತ ತೆಗೆಯುವಾಗ, ಕಾಲನ್ನು ಡ್ರೆಸಿಂಗ್ ಹೊತ್ತಿಗೆ ನೋಡಿದರಾಯಿತು ಎಂದುಕೊಂಡೆ. ಡ್ರೆಸಿಂಗ್ ಹೊತ್ತಿಗೆ, ಗಾಯವೇ ಇಲ್ಲದವನ ಹತ್ತಿರ ನನಗೇನು ಕೆಲಸ ಎಂದು ಮುಂದೆ ಹೋದೆ.

ಜ್ವರ ಎಂದು ಸೇರಿದ್ದ ಒಬ್ಬ ದರ್ಜಿ ತಾತ. ಮಹಾ ತಮಾಷೆಯ ಮನುಷ್ಯ. "ಏನಮ್ಮಾ, ನಿನ್ ಕೋಟಿಗೆ ತೋಳು ಹಚ್ಚಿದ ಪುಣ್ಯಾತ್ಮ ಯಾರು? ಕರ್ಕೊಂಡ್ ಬಾ, ನಾಲ್ಕು ಬಿಡ್ತೀನಿ" ಅನ್ನುತ್ತಿದ್ದ. ಪ್ರತಿ ಸಲ ಹೋದಾಗಲೂ ನೋವಿದೆಯಾ ಎಂದು ಕೇಳುತ್ತಿದ್ದೆ. "ಒಂಚೂರೂ ಇಲ್ಲ ಕಣಮ್ಮ." ನನಗೋ ಖುಷಿ, ನೋವಿಲ್ಲ ಎಂದು ಬರೆದು ಹೋಗುತ್ತಿದ್ದೆ. ಕೊನೆಗೆ ವಾಸನೆ ಬಂದು ಹೊದಿಕೆ ಎತ್ತಿದರೆ ಅಂಗಾಲಿನಲ್ಲಿ ಅವನದೇ ಗುಂಡುಪಿನ್ನು ಚುಚ್ಚಿಕೊಂಡು ಕೂತಿದೆ, ಸುತ್ತ ಕಪ್ಪಗಾಗಿದೆ. ಸಕ್ಕರೆ ಕಾಯಿಲೆ ಕಾಲಿನ ಸ್ಪರ್ಶವನ್ನೇ ತಿಂದುಹಾಕಿತ್ತು. ಎರಡು ಬೆರಳು ತೆಗೆದರು. "ಅಳ್ಬೇಡ್ವೇ ಹುಚ್ಚಿ, ಮೆಷಿನ್ ತುಳಿಯೋಕೆ ಎಂಟು ಸಾಕು" ಎಂದು ಅವನೇ ನನಗೆ ಸಮಾಧಾನ ಹೇಳಿದ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾದಗಳಿಗೇ ಚಿಕಿತ್ಸೆ ಕೊಡುವ ಒಂದು ವಿದ್ಯೆ ಇದೆ, ಪೋಡಿಯಾಟ್ರಿ ಅನ್ನುತ್ತಾರೆ. ಅರ್ಜಿ ಹಾಕಿದ್ದೆ, ಸೀಟು ಸಿಕ್ಕಿದೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರ ಪಾಲು. ಹೂಂ ಅಂದರೆ ಈ ಕೆಲಸ ಬಿಡಬೇಕು. ಹೆಡ್ ನರ್ಸ್ "ಮುದುಕರ ಉಗುರು ಕತ್ತರಿಸೋಕೆ ಹೋಗ್ತೀಯಾ? ತಲೆಗಿಲೆ ಕೆಟ್ಟಿದೆಯಾ?" ಎಂದರು. ನಿಮ್ಮ ಅಳಿಯ "ನಿನ್ನಿಷ್ಟ" ಎಂದರು, ಅವರ ಬಾಯಲ್ಲಿ ಅದರ ಅರ್ಥ ಬೇಡ ಎಂದೇ. ನಾನು ಹೋದರೆ ಈ ಮೂರು ಕೆಲಸ ಯಾವ ಬಡಪಾಯಿಯ ತಲೆಗೆ? ಇದ್ದರೆ ಮುಂದಿನ ದರ್ಜಿಯನ್ನೂ ಹೀಗೇ ಕೈಬಿಡುತ್ತೇನೆ. ಹೋಗಲಾ, ಇರಲಾ? ನನಗಂತೂ ದಿಕ್ಕೇ ತೋಚುತ್ತಿಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಅಣ್ಣ, ಅತ್ತಿಗೆಯನ್ನು ಕೇಳಿದೆನೆಂದು ಹೇಳಿ. ಇಲ್ಲಿಂದಲೇ ನಿಮ್ಮ ಎರಡೂ ಪಾದ ಮುಟ್ಟಿ ನಮಸ್ಕರಿಸುವ,

ನಿಮ್ಮ ಬಾಯಿಬಡುಕಿ

ಮರೆತಿದ್ದೆ: ಅಪ್ಪಾ, ಪಾದ ಮುಟ್ಟಿ ಎಂದು ಬರೆಯುವಾಗಲೇ ಹೊಳೆಯಿತು. ಆ ಚಪ್ಪಲಿ! ಕಾಲಿಂದ ಜಾರಿದ್ದು, ಮನೆಯ ತನಕ ಬರಿಗಾಲಲ್ಲಿ ನಡೆದದ್ದು ನಿಮಗೆ ಗೊತ್ತೇ ಆಗಲಿಲ್ಲ. ನಾನು ನಕ್ಕೆನಲ್ಲ, ಅಯ್ಯೋ! ಅಣ್ಣ ಫೋನ್ ಎತ್ತುತ್ತಿಲ್ಲ, ಕೆಳಗೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಕೋರ್ಸಿನ ವಿಷಯಕ್ಕೆ ನಿಮ್ಮ ಉತ್ತರ ಬೇಡ, ಸೇರುತ್ತೇನೆ. ಇದನ್ನು ಓದಿದ ಕಡೆಯಲ್ಲೇ ಕೂತು ಕಾಲುಚೀಲ ಇದ್ದರೆ ಬಿಚ್ಚಿ, ಅತ್ತಿಗೆಗೆ ಅಂಗಾಲು ತೋರಿಸಿ, ಬೆರಳ ಸಂದಿಯನ್ನೂ. ಸೊಸೆಯ ಮುಂದೆ ಎಂಥ ನಾಚಿಕೆ! ನಾಳೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ನೋವಿಲ್ಲ ಅಂತ ಮಾತ್ರ ಹೇಳಬೇಡಿ, ಅಪ್ಪಾ.